ಕೆಂಪು ನುಸಿಗೆ ಇಮಿಡಾಕ್ಲೋಪ್ರಿಡ್ ಹೊಡೆಯಬೇಡಿ: ನನ್ನ ಹಳೇ ಮೆಸೇಜಿಗೆ ತಿದ್ದುಪಡಿ

"ಬದನೆಯ ಕೆಂಪು ನುಸಿಗೆ ಇಮಿಡಾಕ್ಲೋಪ್ರಿಡ್ ಹೊಡೀರಿ, ಮೂರೇ ದಿನಕ್ಕೆ ಮಾಯ" ಅನ್ನೋ ಮೆಸೇಜ್ ಅರಕಲಗೂಡು, ಹೊಳೆನರಸೀಪುರ ಕಡೆಯ ಗುಂಪುಗಳಲ್ಲಿ ಓಡಾಡುತ್ತಿದೆ. ಬೇಸಿಗೆಯಲ್ಲಿ ನಾನೂ ಅದನ್ನು ಹಂಚಿದ್ದೆ. ಅದು ತಪ್ಪು.

ನುಸಿ ಕೀಟವಲ್ಲ, ಜೇಡನ ಬಳಗದ್ದು. ಬೆಳೆದ ನುಸಿಗೆ ಎಂಟು ಕಾಲು. ಇಮಿಡಾಕ್ಲೋಪ್ರಿಡ್ ಕೀಟನಾಶಕ; ಸಸ್ಯಹೇನು, ಜಿಗಿಹುಳಕ್ಕೆ ಕೆಲಸ ಮಾಡುತ್ತೆ, ನುಸಿಗಲ್ಲ. ಹೊಡೆದ ಮೇಲೆ ನುಸಿ ಇನ್ನೂ ಜಾಸ್ತಿಯಾಗಿದ್ದೂ ಉಂಟು. ನುಸಿ ತಿನ್ನುವ ಗುಲಗಂಜಿ ಹುಳದಂಥ ಮಿತ್ರಕೀಟಗಳಿಗೆ ಏಟು ಬೀಳುವುದು ಒಂದು ಕಾರಣ. ಇನ್ನೊಂದು, ಗಿಡಕ್ಕೂ ತನ್ನದೇ ಕಾವಲಿದೆ. ನುಸಿ ರಸ ಹೀರಿದಾಗ ಎಲೆಯೊಳಗೆ ಜಾಸ್ಮೋನಿಕ್ ಆಮ್ಲ ಅನ್ನೋ ಗಿಡದ ಹಾರ್ಮೋನು ಏರಿ, ನುಸಿಗೆ ಒಗ್ಗದ ವಸ್ತುಗಳು ತಯಾರಾಗುತ್ತವೆ. ಟೊಮೇಟೊ, ಹತ್ತಿಯಂಥ ಬೆಳೆಗಳಲ್ಲಿ ಈ ಔಷಧಿ ಗಿಡದ ಆ ಕಾವಲನ್ನೇ ಸಡಿಲಿಸಿದ್ದು ಪ್ರಯೋಗಗಳಲ್ಲಿ ಕಂಡಿದೆ.

ಮೊದಲು ನುಸಿ ಹೌದಾ ನೋಡಿ. ಎಲೆಯನ್ನು ಬಿಳಿ ಹಾಳೆ ಮೇಲೆ ತಟ್ಟಿ. ಖಾರದಪುಡಿ ಉದುರಿದ ಹಾಗೆ ಕಾಣುವ ಚುಕ್ಕಿಗಳು ನಡೆಯೋಕೆ ಶುರುಮಾಡಿದರೆ ನುಸಿಯೇ. ಎಲೆ ಅಡಿಯಲ್ಲಿ ಸಣ್ಣ ಬಲೆಯೂ ಇರುತ್ತೆ.

ನುಸಿಗೆ ನುಸಿನಾಶಕವೇ ಬೇಕು. ಬದನೆಗೆ ಸ್ಪೈರೋಮೆಸಿಫೆನ್ ಇದೆ. ಪ್ರಮಾಣವನ್ನು ಲೇಬಲ್ ನೋಡಿಯೇ ಹಾಕಿ, ಎಲೆಯ ಅಡಿಭಾಗ ನೆನೆಯಬೇಕು. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ನುಸಿ ಅದಕ್ಕೆ ಒಗ್ಗಿಕೊಳ್ಳುತ್ತೆ. ಬಿಸಿಲಲ್ಲಿ ಮೊಟ್ಟೆಯಿಂದ ದೊಡ್ಡ ನುಸಿಯಾಗೋಕೆ ಹೆಚ್ಚುಕಮ್ಮಿ ಒಂದು ವಾರ ಸಾಕು, ಹಾಗಾಗಿ ಒಗ್ಗಿಕೊಂಡ ನುಸಿಗಳು ಬೇಗ ಹೆಚ್ಚುತ್ತವೆ.

ಅನುಮಾನ ಇದ್ದರೆ ಎಲೆ ಕಿತ್ತುಕೊಂಡು ಹಾಸನದ ಹತ್ತಿರದ ಕಂದಲಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ. ಹಳೇ ಮೆಸೇಜ್ ಮುಂದಕ್ಕೆ ಕಳಿಸಬೇಡಿ, ಕಳಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.