ಗೂಬೆಗೂ ಒಂದು ಪಹಣಿ ಮಾಡಿಕೊಡಿ ಸ್ವಾಮಿ

ಅಳಿವಿನಂಚಿನ ಪುಟ್ಟ ಕಾಡುಗೂಬೆ, ಅದೇ ಫಾರೆಸ್ಟ್ ಔಲೆಟ್, ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಕಡೆಯ ತೇಗದ ಕಾಡುಗಳಲ್ಲೇ ಉಳಿದುಕೊಂಡಿದೆ. ಚಿಕ್ಕಬಳ್ಳಾಪುರದ ಕಡೆ ತಲೆ ಹಾಕಿಲ್ಲ. ಯಾರೋ ನಮ್ಮ ವಿಷಯ ಮೊದಲೇ ಕಿವಿಗೆ ಹಾಕಿರಬೇಕು.

ಹಗಲಲ್ಲೇ ಬೇಟೆಯಾಡುವ ಈ ಹಕ್ಕಿ 1884ರಿಂದ 1997ರವರೆಗೆ ಪಕ್ಷಿತಜ್ಞರ ಕಣ್ಣಿಗೇ ಬೀಳಲಿಲ್ಲ. ನಡುವೆ ಮೈನರ್ಟ್ಸ್‌ಹೇಗನ್ ಎಂಬ ಬ್ರಿಟಿಷ್ ಕರ್ನಲ್ ಒಂದು ಕರಾಮತ್ತು ಮಾಡಿದ್ದ. ಮ್ಯೂಸಿಯಮ್ಮಿನಲ್ಲಿ ಒಣಗಿಸಿಟ್ಟಿದ್ದ ಗೂಬೆಯನ್ನು ಕದ್ದು, ಬಿಚ್ಚಿ, ಮತ್ತೆ ಹೊಲಿದು, '1914ರಲ್ಲಿ ಗುಜರಾತಿನಲ್ಲಿ ನಾನೇ ಹಿಡಿದದ್ದು' ಅಂತ ಚೀಟಿ ಕಟ್ಟಿಬಿಟ್ಟ. ಪಮೇಲಾ ರಾಸ್ಮುಸೆನ್ ಎಂಬ ಅಮೆರಿಕದ ಪಕ್ಷಿತಜ್ಞೆ ಆ ಚೀಟಿಯ ಬಂಡವಾಳ ಬಯಲು ಮಾಡಿ, ಹಳೆಯ ಅಸಲಿ ದಾಖಲೆಗಳ ಜಾಡು ಹಿಡಿದು ಹೋದ ಮೇಲೆಯೇ ಮಹಾರಾಷ್ಟ್ರದ ಶಹಾದಾ ಬಳಿ ಗೂಬೆ ಸಿಕ್ಕಿದ್ದು. ಕರ್ನಲ್ ಸಾಹೇಬರು ಹುಟ್ಟಿದ್ದು ತಪ್ಪು ಕಾಲದಲ್ಲಿ. ಈಗಿದ್ದಿದ್ದರೆ ನಮ್ಮ ಕಂದಾಯ, ಅರಣ್ಯ, ಗಣಿ ಇಲಾಖೆಗಳ ಜಂಟಿ ಸರ್ವೆಗೆ ಅವರೇ ಮುಖ್ಯಸ್ಥರು.

ನಮ್ಮ ಗುಡ್ಡಗಳಲ್ಲಿರುವುದು ಕೊಂಬಿನ ಗೂಬೆ. ಅಳಿವಿನಂಚಿಗೆ ಇನ್ನೂ ಬಂದಿಲ್ಲ, ಕರೆತರುವ ಕೆಲಸ ಸಾಗಿದೆ. ಅದು ಗೂಡು ಕಟ್ಟುವುದಿಲ್ಲ, ಬಂಡೆಯ ಸಂದಿಯಲ್ಲಿ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತದೆ. ಅದೇ ಬಂಡೆ ಜಲ್ಲಿ ಕ್ರಷರಿನವರಿಗೂ ಬೇಕು, ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೂ ಬೇಕು. ಹಾಗಾಗಿ ಸರ್ವೆ.

ಸರ್ವೆ ಹೇಗಿರುತ್ತದೆ ಗೊತ್ತಲ್ಲ? ಟಿಫನ್ ಮುಗಿಸಿ ಹನ್ನೊಂದೂವರೆಗೆ ಜೀಪು ಬರುತ್ತದೆ. ಕಂದಾಯದವರು ಗುಡ್ಡ ಅರಣ್ಯದ್ದು ಅನ್ನುತ್ತಾರೆ, ಅರಣ್ಯದವರು ಗೋಮಾಳ ಅನ್ನುತ್ತಾರೆ, ಗಣಿಯವರು ನೆರಳು ನೋಡಿಕೊಂಡು ನಿಲ್ಲುತ್ತಾರೆ. ಹತ್ತು ಮಾರು ದೂರದಲ್ಲಿ ಗೂಬೆ ಕಣ್ಣು ಅರೆಮುಚ್ಚಿ, ಕಂದು ಚುಕ್ಕೆಯ ಮೈಯನ್ನು ಬಂಡೆಗೆ ಒತ್ತಿ ಕೂತಿರುತ್ತದೆ. ಕುರಿ ಕಾಯುವ ತಾತ, 'ಸಂಜೆ ಬನ್ನಿ ಸ್ವಾಮಿ, ಬೂ... ಊ ಅಂತ ಅದೇ ಕೂಗ್ತದೆ' ಅಂದರೆ, 'ಸಂಜೆ ಮೀಟಿಂಗ್ ಇದೆ ತಾತ' ಎಂಬ ಉತ್ತರ. ಜೀಪಿನ ಬಾನೆಟ್ ಮೇಲೇ ಮಹಜರು ತಯಾರು: 'ಸದರಿ ಸ್ಥಳದಲ್ಲಿ ಬಂಡೆಯ ಹೊರತು ಯಾವುದೇ ಜೀವಿ ಕಂಡುಬಂದಿರುವುದಿಲ್ಲ.' ಸಾಕ್ಷಿ ರುಜುವಿಗೆ ತಾತನದೇ ಹೆಬ್ಬೆಟ್ಟು.

ಗೂಬೆಯನ್ನು ಹಿಡಿದರೆ 1972ರ ವನ್ಯಜೀವಿ ಕಾಯ್ದೆ ಮೈಮೇಲೆ ಬರುತ್ತದೆ. ಗೂಬೆ ಕೂತ ಬಂಡೆಗೆ ಜಿಲೆಟಿನ್ ಇಟ್ಟರೆ ಜಿಎಸ್‌ಟಿ ಬಿಲ್ ಬರುತ್ತದೆ. ರಾಗಿ ಹೊಲದ ಇಲಿ ತಿಂದು ರೈತನ ಋಣ ತೀರಿಸುವ ಹಕ್ಕಿ ಅಂತ ಅರ್ಜಿ ಬರೆದು ನೋಡಿ, ಕೇಸ್ ವರ್ಕರ್ ಕೇಳುವುದು ಒಂದೇ: ಪಹಣಿ ಎಲ್ಲಿ?

ಕತ್ತಲಲ್ಲೂ ತಪ್ಪದೆ ಗೂಬೆ ಪತ್ತೆ ಮಾಡುವವರು ಇಲ್ಲವೆಂದಲ್ಲ. ದೀಪಾವಳಿ ಅಮಾವಾಸ್ಯೆ ಹತ್ತಿರ ಬಂತೆಂದರೆ ಮಾಟದ ವ್ಯಾಪಾರಿಗಳಿಗೆ ಜೀವಂತ ಗೂಬೆ ಒದಗಿಸುತ್ತಾರಲ್ಲ, ಅವರು. ಸರ್ವೆಯೂ ಬೇಡ, ಜೀಪೂ ಬೇಡ. ಮುಂದಿನ ಗಣತಿಗೆ ಅವರನ್ನೇ ದಿನಗೂಲಿ ಮೇಲೆ ತೆಗೆದುಕೊಳ್ಳಬಹುದು. ಫೋಟೊ, ಬೆರಳಚ್ಚು ಠಾಣೆಯಲ್ಲಿ ಆಗಲೇ ಇರುತ್ತವೆ, ಹೊಸದಾಗಿ ಅರ್ಜಿ ಕರೆಯುವ ಖರ್ಚೂ ಉಳಿಯುತ್ತದೆ.