ಸತ್ಯಾಂಶ: ಕಂಪ್ಯೂಟರ್ ಫ್ಯಾನ್ ಭರ್ರೆಂದರೆ ವೈರಸ್ಸೇ?

‘ಡೆಸ್ಕ್‌ಟಾಪ್ ಫ್ಯಾನ್ ಸದಾ ಜೋರಾಗಿ ತಿರುಗುತ್ತಿದ್ದರೆ ವೈರಸ್ ಹೊಕ್ಕಿದೆ, ಕೂಡಲೇ ಫಾರ್ಮ್ಯಾಟ್ ಮಾಡಿಸಿ’ ಎಂಬ ವಾಟ್ಸಾಪ್ ಸಂದೇಶ ಪೂರ್ತಿ ಸುಳ್ಳಲ್ಲ. ಕದ್ದು ಕ್ರಿಪ್ಟೊ ಗಣಿಗಾರಿಕೆ (ನಿಮ್ಮ ಯಂತ್ರದಿಂದ ಲೆಕ್ಕ ಮಾಡಿಸಿ ಡಿಜಿಟಲ್ ಹಣ ಗಳಿಸುವುದು) ಮಾಡುವ ಕುತಂತ್ರಾಂಶ ಪ್ರೊಸೆಸರನ್ನು ಕಾಯಿಸುವುದುಂಟು. ಸುಮ್ಮನೆ ಬಿಟ್ಟಾಗಲೂ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಪ್ರೊಸೆಸರ್) ಬಳಕೆ ಶೇ. 90ರಷ್ಟಿದ್ದರೆ ಅನುಮಾನಿಸಿ. ಶೇ. 5ರ ಆಸುಪಾಸಿದ್ದರೆ ಕಾರಣ ಬಹುತೇಕ ಬೇರೆ.

ಫ್ಯಾನಿನ ವೇಗವನ್ನು ಮದರ್‌ಬೋರ್ಡ್ ಶಾಖ ನೋಡಿ ನಿರ್ಧರಿಸುತ್ತದೆ. ಪ್ರೊಸೆಸರ್ ಮೇಲೆ ಕೂತು ಶಾಖ ಹೀರುವ ಲೋಹದ ಹೀಟ್‌ಸಿಂಕಿನ ಪಟ್ಟಿಗಳ ನಡುವೆ ಧೂಳು ಕಂಬಳಿಯಂತೆ ಕೂತಿದ್ದರೆ, ಇವೆರಡರ ನಡುವೆ ಶಾಖ ದಾಟಿಸಲು ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಶಾಖ ಇಳಿಯದು. ಬಯೋಸ್‌ನಲ್ಲಿ (ಮದರ್‌ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಫ್ಯಾನಿಗೆ ‘ಫುಲ್ ಸ್ಪೀಡ್’ ಆಯ್ಕೆ ಇದ್ದರಂತೂ ಯಂತ್ರ ತಣ್ಣಗಿದ್ದರೂ ಸದ್ದು ನಿಲ್ಲದು. ಮದರ್‌ಬೋರ್ಡಿನ 4 ಪಿನ್ನಿನ ಜಾಗಕ್ಕೆ 3 ಪಿನ್ನಿನ ಫ್ಯಾನ್ ಸಿಕ್ಕಿಸಿದಾಗಲೂ ಕೆಲವು ಬೋರ್ಡ್‌ಗಳಲ್ಲಿ ಇದೇ ಕಥೆ. ಫಾರ್ಮ್ಯಾಟ್ ಇವಾವುದನ್ನೂ ಮುಟ್ಟದು. ಹೋಗುವುದು ನಿಮ್ಮ ಫೋಟೊ, ಟ್ಯಾಲಿ ಲೆಕ್ಕ ಅಷ್ಟೇ. ಮೊದಲು ಪ್ಲಗ್ ಕಿತ್ತು ಧೂಳು ಊದಿಸಿ. ಊದುವಾಗ ಫ್ಯಾನ್ ಗಿರಗಿರ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ.