ಬೇಡರ್ ಕಾಲು ಕಳೆದುಕೊಂಡದ್ದು ಯುದ್ಧದಲ್ಲಲ್ಲ

ಡಿಎಸ್ಒ, ಡಿಎಫ್‌ಸಿ ಎಂಬ ಸೇನಾ ಪದಕಗಳನ್ನು ಎರಡೆರಡು ಬಾರಿ ಪಡೆದ ಬ್ರಿಟಿಷ್ ಪೈಲಟ್ ಡಗ್ಲಸ್ ಬೇಡರ್, ಜರ್ಮನರಿಗೆ ಸೆರೆಸಿಕ್ಕ ದಿನವೇ ಎರಡೂ ಕಾಲು ಕಳೆದುಕೊಂಡರು ಎಂಬ ಬರಹ ಹರಿದಾಡುತ್ತಿದೆ. ತಪ್ಪು. ಕಾಲು ಹೋದದ್ದು 1931ರ ಡಿಸೆಂಬರ್ 14ರಂದು. ಇಂಗ್ಲೆಂಡಿನ ವುಡ್ಲಿಯಲ್ಲಿ ತೀರಾ ಕೆಳಗೆ ಕಸರತ್ತು ಮಾಡುವಾಗ ಬುಲ್‌ಡಾಗ್ ವಿಮಾನದ ರೆಕ್ಕೆ ನೆಲಕ್ಕೆ ತಾಗಿತು. ಬಲಗಾಲನ್ನು ಮಂಡಿಯ ಮೇಲೆ, ಎಡಗಾಲನ್ನು ಮಂಡಿಯ ಕೆಳಗೆ ಕತ್ತರಿಸಬೇಕಾಯಿತು.

ಸೆರೆಸಿಕ್ಕ ದಿನ, 1941ರ ಆಗಸ್ಟ್ 9ರಂದು, ಫ್ರಾನ್ಸಿನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನದಿಂದ ಜಿಗಿಯುವಾಗ ಕಾಕ್‌ಪಿಟ್‌ನಲ್ಲಿ ಸಿಕ್ಕಿಕೊಂಡದ್ದು ಬಲಗಡೆಯ ಕೃತಕ ಕಾಲು. ಅದರ ಪಟ್ಟಿ ಹರಿದದ್ದರಿಂದಲೇ ಜೀವ ಉಳಿಯಿತು.

ಬದಲಿ ಕಾಲು ಜರ್ಮನರ ಅಭಯದಲ್ಲಿ ಬಂತು ಎನ್ನುವುದೂ ಅರ್ಧಸತ್ಯವೇ. ಸುರಕ್ಷಿತ ದಾರಿ ಕೊಡುತ್ತೇವೆಂದು ಅವರು ಹೇಳಿದ್ದು ನಿಜ, ಬ್ರಿಟಿಷರು ಒಪ್ಪಲಿಲ್ಲ. ಆಗಸ್ಟ್ 19ರಂದು ಬಾಂಬ್ ದಾಳಿಗೆ ಹೊರಟ ಬ್ಲೆನ್‌ಹೈಮ್ ವಿಮಾನದಿಂದಲೇ, ಪ್ಯಾರಾಚೂಟ್ ಕಟ್ಟಿ, ಫ್ರಾನ್ಸಿನ ಸಾಂತ್-ಒಮೆರ್ ಬಳಿ ಆ ಕಾಲನ್ನು ಕೆಳಗಿಳಿಸಿದರು.